ಪರೀಕ್ಷೆ ಕೋಣೆಯ ಸ್ಟೂಲು

ಆಗ ನನಗೆ ಅರವತ್ತಮೂರು. ಇದು ನಡೆದು ಈಗ ನಾಲ್ಕು ವರ್ಷ. ವಯಸ್ಸನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಜಗಳದಲ್ಲಿ ಉಳಿದವರೆಲ್ಲ ನನ್ನ ವಯಸ್ಸಿನ ಮಾತನ್ನೇ ಆಡಿದರು. ನಾನು ಆಡಿದ್ದು ಸ್ಟೂಲಿನ ಮಾತು.

ದಾಂಡೇಲಿಯಿಂದ ಹಳಿಯಾಳದ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುತ್ತ ಬಂದಲ್ಲಿ, ತಗಡು ಹೊದಿಸಿದ ಒಂದು ಶೆಡ್ಡು ಇತ್ತು. ಹೊರಗಿನಿಂದ ನೋಡಿದವರು ಗ್ಯಾರೇಜು ಅಂದುಕೊಳ್ಳಬೇಕು. ಒಳಗೆ ಕಾಗದ ಮತ್ತು ರಟ್ಟು ಪರೀಕ್ಷೆ ಮಾಡುವ ಕೋಣೆ. ರಟ್ಟಿನ ಡಬ್ಬಿ ಮಾಡುವವರು, ಸಿಮೆಂಟಿನ ಚೀಲ ಮಾಡುವವರು ಬೇರೆ ಬೇರೆ ಊರುಗಳಿಂದ ತಮ್ಮ ಕಾಗದದ ತುಂಡುಗಳನ್ನು ಕಳಿಸುತ್ತಿದ್ದರು. ಎಷ್ಟು ಜಗ್ಗಿದರೆ ಹರಿಯುತ್ತದೆ ಎಂದು ನೋಡಿ ಹೇಳುವುದು ಅಲ್ಲಿಯ ಕೆಲಸ. ಯಾವ ದೊಡ್ಡ ಕಾರ್ಖಾನೆಗೂ ಸೇರಿದ್ದಲ್ಲ, ಬೆಳಗಾವಿ ಕಡೆಯ ಒಬ್ಬ ಮಾಲಕನದು. ಅವನ ಆಫೀಸು ಹುಬ್ಬಳ್ಳಿಯಲ್ಲಿ.

ನನ್ನ ಗಂಡ ಧಾರವಾಡ ಜಿಲ್ಲೆಯಿಂದ ಮಿಲ್ಲಿನ ಕೆಲಸಕ್ಕೆಂದು ಇಲ್ಲಿಗೆ ಬಂದವನು. ಅವನು ಸತ್ತ ಮೇಲೆ ನಾನು ಖಾನಾವಳಿಯಲ್ಲಿ ರೊಟ್ಟಿ ಬಡಿದೆ, ದವಾಖಾನೆಯ ಕಸ ಗುಡಿಸಿದೆ, ಆಮೇಲೆ ಈ ಶೆಡ್ಡಿಗೆ ಸೇರಿದೆ. ಮೂರನೇ ಇಯತ್ತೆ ಕಲಿತಿದ್ದೇನೆ. ಬಸ್ಸಿನ ಬೋರ್ಡು ಓದುತ್ತೇನೆ, ಅಂಕಿ ಓದುತ್ತೇನೆ. ಅಲ್ಲಿ ಅಷ್ಟು ಸಾಕಿತ್ತು.

ಯಂತ್ರವನ್ನು ಮೇಜಿನ ಮೇಲೆ ನಿಲ್ಲಿಸಿದ್ದರು. ಮೇಲೊಂದು, ಕೆಳಗೊಂದು ಕಬ್ಬಿಣದ ದವಡೆ. ಕತ್ತರಿಸಿದ ಕಾಗದದ ಪಟ್ಟಿಯನ್ನು ಎರಡರ ನಡುವೆ ನೆಟ್ಟಗೆ ಇಡಬೇಕು. ದವಡೆಗಳು ಕಚ್ಚಿಕೊಳ್ಳುತ್ತವೆ, ಮೇಲಿನದು ಮೆಲ್ಲಗೆ ಮೇಲಕ್ಕೆ ಸರಿಯುತ್ತದೆ, ಕಾಗದ ಬಿಗಿದು ಬಿಗಿದು ಟಪ್ಪೆಂದು ಹರಿಯುತ್ತದೆ. ಎಷ್ಟು ಬಲಕ್ಕೆ ಹರಿಯಿತು ಎಂಬುದನ್ನು ಕಂಪ್ಯೂಟರು ಬರೆದುಕೊಳ್ಳುತ್ತದೆ. ಹರಿದದ್ದನ್ನು ತೆಗೆದು ಇನ್ನೊಂದು ಇಡಬೇಕು. ದಿನಪೂರ್ತಿ ಇದೇ. ಕಾಗದಕ್ಕೆ ತೇವ ಹಿಡಿದರೆ ಅಂಕಿ ಬದಲಾಗುತ್ತದೆಂದು ಆ ಕೋಣೆಗೆ ಎ.ಸಿ. ಹಾಕಿದ್ದರು. ಕಾಗದಕ್ಕೆ ಹಾಕಿದ್ದು, ನಮಗಲ್ಲ. ಗಂಡನ ಸ್ವೆಟರನ್ನು ಸೀರೆಯ ಮೇಲೆ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. ಸುಡು ಬೇಸಿಗೆಯಲ್ಲಿ ಸ್ವೆಟರು ಹಿಡಿದುಕೊಂಡು ಹೊರಟವಳನ್ನು ನೋಡಿ ನಮ್ಮ ಲೈನ್ ಮನೆಗಳ ಹೆಂಗಸರು ಇವಳಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ನನ್ನ ಜೊತೆ ಇನ್ನೊಬ್ಬಳಿದ್ದಳು. ಜೋಯಿಡಾ ಕಡೆಯವಳು, ಮನೆಮಾತು ಕೊಂಕಣಿ. ವಯಸ್ಸಿನಲ್ಲಿ ನನ್ನ ಮಗಳಂತಿದ್ದಳು, ಮಾತಿನಲ್ಲಿ ನನ್ನ ಅತ್ತೆಯಂತಿದ್ದಳು. ಚಿಕ್ಕಮ್ಮನನ್ನು ಕರೆಯುವಂತೆ ನನ್ನನ್ನು ಮೌಶಿ ಎನ್ನುತ್ತಿದ್ದಳು. ಬ್ಲೇಡು ಕೂರಿಸಿದ ಹಲಗೆಯ ಮೇಲೆ ಕಾಗದವನ್ನು ಪಟ್ಟಿಪಟ್ಟಿಯಾಗಿ ಕತ್ತರಿಸುವುದು ಅವಳ ಕೆಲಸ, ಯಂತ್ರಕ್ಕೆ ಇಡುವುದು ನನ್ನದು. ಕೋಣೆಯಲ್ಲಿ ಇದ್ದದ್ದು ಒಂದು ಸ್ಟೂಲು. ಇಬ್ಬರೂ ಪಾಳಿಯ ಮೇಲೆ ಕೂಡುತ್ತಿದ್ದೆವು.

ಯಂತ್ರ ನಡೆಸುತ್ತಿದ್ದವನು ಮುಂಡಗೋಡದವನು. ಕಲಿತವನು, ಮೆತ್ತಗಿನ ಮಾತಿನವನು, ಹೊಸದಾಗಿ ಲಗ್ನವಾಗಿತ್ತು. ತನ್ನ ಕುರ್ಚಿಯಲ್ಲಿ ಕೂತು ಕಂಪ್ಯೂಟರು ನೋಡುತ್ತ ನನ್ನನ್ನು ಅವ್ವಾರ ಎಂದು ಕರೆಯುತ್ತಿದ್ದ. ಊರಿಗೆ ಹೋದಾಗ ಸಂತೆಯಿಂದ ಅವರೆಕಾಯಿ ತಂದುಕೊಡುತ್ತಿದ್ದ. ಕರೆಂಟು ಹೋದರೆ ಮೂವರೂ ಹೊರಗೆ ಬಂದು ಚಹಾ ಕುಡಿಯುತ್ತಿದ್ದೆವು. ಅವನನ್ನು ಕೆಟ್ಟವನೆಂದು ನಾನು ಆಗಲೂ ಅಂದುಕೊಂಡಿಲ್ಲ, ಈಗಲೂ ಇಲ್ಲ. ಒಳ್ಳೆಯವನು ಅನ್ನುವುದಕ್ಕೂ ಬಾಯಿ ಬರುವುದಿಲ್ಲ.

ಒಂದು ದಿನ ಇಬ್ಬರು ಬಂದು ಯಂತ್ರಕ್ಕೆ ಒಂದು ಡಬ್ಬಿ ಜೋಡಿಸಿದರು. ಗೋಡೆಗೆ ಕ್ಯಾಮೆರಾ ಹೊಡೆದರು, ಮೇಜಿನ ಮೇಲೆ ಮಾತು ಬರುವ ಸಣ್ಣ ಪೆಟ್ಟಿಗೆ ಇಟ್ಟರು. ಮುಂಡಗೋಡದವನನ್ನು ಹುಬ್ಬಳ್ಳಿಗೆ ಹಾಕಿದರು. ಅಲ್ಲಿ ಕೂತು ಇಲ್ಲಿಯ ಯಂತ್ರವನ್ನೂ ಬೆಳಗಾವಿಯ ಯಂತ್ರವನ್ನೂ ಅವನೊಬ್ಬನೇ ನಡೆಸಬೇಕು. ಅವನು ಹುಬ್ಬಳ್ಳಿಯಲ್ಲಿ ಒತ್ತಿದರೆ ದಾಂಡೇಲಿಯಲ್ಲಿ ದವಡೆ ಕಚ್ಚುತ್ತಿತ್ತು.

ನಾನು ಕಣ್ಣು ಬಾಯಿ ಬಿಟ್ಟು ನೋಡಲಿಲ್ಲ. ಮೊಬೈಲಿನಲ್ಲಿ ದುಬೈಯಲ್ಲಿದ್ದವರ ಮುಖ ನೋಡುವ ಕಾಲ, ಇದೇನು ಮಹಾ. ಹೆದರಿಕೆಯಾದದ್ದು ಬೆರಳಿನ ಸಲುವಾಗಿ. ಜೋಯಿಡಾದವಳು ಮೊದಲ ದಿನವೇ ಅಂದಳು:

"ಮೌಶಿ, ಬೆರಳ ಹುಷಾರ. ಕಚ್ಚಾಂವ ಹುಬ್ಬಳ್ಳ್ಯಾಗ ಅದಾನ, ಬೆರಳ ಇಲ್ಲಿ ಐತಿ."

ಆದ್ದರಿಂದ ಒಂದು ಪದ್ಧತಿ ಮಾಡಿಕೊಂಡೆವು. ಪಟ್ಟಿ ಇಟ್ಟು, ಕೈ ಹಿಂದೆ ತೆಗೆದು, ನಾನು "ಹೂಂ" ಎನ್ನಬೇಕು. ಆಮೇಲೆ ಅವನು ಒತ್ತಬೇಕು. ಅವನು ಅದನ್ನು ಒಮ್ಮೆಯೂ ತಪ್ಪಿಸಲಿಲ್ಲ. ಆ ಮಾತನ್ನು ಹೇಳಲೇಬೇಕು.

ಕೆಲಸ ಮಾತ್ರ ಮೊದಲಿನಂತೆ ಉಳಿಯಲಿಲ್ಲ. ಮೊದಲು ಪಟ್ಟಿ ಇಟ್ಟೆ, ಹರಿಯಿತು, ಇಟ್ಟೆ, ಹರಿಯಿತು. ಈಗ ಇಟ್ಟು ಕಾಯಬೇಕು. ಅವನು ಬೆಳಗಾವಿಯದನ್ನು ನೋಡುತ್ತಿರುತ್ತಾನೆ, ಕಾಯಬೇಕು. ಅಂಕಿ ಬಂದದ್ದನ್ನು ಗಿರಾಕಿಗೆ ತೋರಿಸುತ್ತಿರುತ್ತಾನೆ, ಕಾಯಬೇಕು. ಎಲ್ಲಕ್ಕಿಂತ ಹೆಚ್ಚು ನೆಟ್. ಇಲ್ಲಿ ಗಾಳಿ ಬೀಸಿ ಒಂದು ಟೊಂಗೆ ಮುರಿದರೆ ನೆಟ್ ಹೋಗುತ್ತದೆ. ಯಂತ್ರ ಅರ್ಧ ಜಗ್ಗಿ ನಿಂತುಬಿಡುತ್ತಿತ್ತು, ಕಾಗದ ನಡುವೆ ಬಿಗಿದುಕೊಂಡು ನಿಂತಿರುತ್ತಿತ್ತು, ನಾನೂ ಎದುರಿಗೆ ಹಾಗೇ. ಕೈ ಹಚ್ಚುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ನೆಟ್ ಯಾವ ಗಳಿಗೆಯಲ್ಲಿ ಬರುತ್ತದೋ ಯಾರಿಗೆ ಗೊತ್ತು. ಹೀಗಾಗಿ ನಾನು ಪಟ್ಟಿ ಇಟ್ಟು ಸ್ಟೂಲಿನ ಮೇಲೆ ಕೂಡುತ್ತಿದ್ದೆ. ಅವನು ಕರೆದರೆ ಏಳುತ್ತಿದ್ದೆ. ಇದರಿಂದ ಯಾರ ಕಾಗದವೂ ಕೆಡಲಿಲ್ಲ.

ಕೆಟ್ಟದ್ದು ಪುಣೆಯ ಗಿರಾಕಿಯೊಬ್ಬನ ಕಣ್ಣು. ಅವನ ರಟ್ಟನ್ನು ಪರೀಕ್ಷೆ ಮಾಡುವುದನ್ನು ಅವನೇ ಕೂತಲ್ಲಿಂದ ನೋಡಬಹುದು ಎಂದು ಮಾಲಕ ಹೊಸದಾಗಿ ಹೇಳಿದ್ದನಂತೆ. ಅವನು ನೋಡಿದಾಗ ನೆಟ್ ಹೋಗಿ ಬಂದಿತ್ತು. ಪರದೆಯ ಮೇಲೆ ಮೊದಲು ಕಂಡದ್ದು ಸ್ವೆಟರು ಹಾಕಿಕೊಂಡು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ ನಾನು. ಪರೀಕ್ಷೆ ಕೋಣೆಯಲ್ಲಿ ಈ ಮುದುಕಿ ಯಾಕೆ ಕೂತಿದ್ದಾಳೆ ಎಂದು ಕೇಳಿದನಂತೆ. ಅಷ್ಟೇ. ಕಾಗದದ ಬಗ್ಗೆ ಏನೂ ಕೇಳಲಿಲ್ಲ.

ಮರುದಿನ ನಾವು ಬರುವಷ್ಟರಲ್ಲಿ ಸ್ಟೂಲು ಇರಲಿಲ್ಲ. ಹಿಂದಿನ ಸ್ಟೋರಿನಲ್ಲಿ ಹಾಕಿ ಬೀಗ ಜಡಿದಿದ್ದರು. ಪೆಟ್ಟಿಗೆಯಿಂದ ಮುಂಡಗೋಡದವನು ಮಾತಾಡಿದ. ಕೂತರೆ ಛಲೋ ಕಾಣುವುದಿಲ್ಲ, ಇನ್ನು ಮೇಲೆ ಯಂತ್ರದ ಮುಂದೆ ನಿಂತೇ ಇರಬೇಕು, ಮಾಲಕರ ಹುಕುಂ ಎಂದ. ನಾನು ಕೇಳಿದೆ, ನೀವು ಅಲ್ಲಿ ನಿಂತೀರೋ ಕೂತೀರೋ ಎಂದು. ಅವನ ಕುರ್ಚಿಯ ಗಾಲಿ ಸರಿದ ಸಪ್ಪಳ ಮಾತ್ರ ಪೆಟ್ಟಿಗೆಯಲ್ಲಿ ಕೇಳಿಸಿತು.

ಅರ್ಧ ದಿನ ನಿಂತೆ. ಮಧ್ಯಾಹ್ನದ ಮೇಲೆ ನೆಟ್ ಹೋಯಿತು. ನಾನು ಕೆಳಗೆ ಕೂತೆ. ಫರಸಿಯ ಮೇಲೆ ರದ್ದಿ ರಟ್ಟು ಹಾಸಿ, ಮೇಜಿನ ಕಾಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ. ಕೆಳಗೆ ಕೂಡುವುದು ನನಗೇನೂ ಹೊಸದಲ್ಲ. ಸ್ವಲ್ಪ ಹೊತ್ತಿಗೆ ನೆಟ್ ಬಂದು ಪೆಟ್ಟಿಗೆ ಕೂಗತೊಡಗಿತು. ಯಾರೂ ಇಲ್ಲವೇ, ಯಂತ್ರ ಬಿಟ್ಟು ಎಲ್ಲಿ ಹೋದಿರಿ ಎಂದು. ಆಗ ಗೊತ್ತಾಯಿತು, ಆ ಕ್ಯಾಮೆರಾಕ್ಕೆ ಮೇಜಿನ ಮೇಲಿನದಷ್ಟೇ ಕಾಣುತ್ತದೆ. ನಿಂತರೆ ನಾನು ಕೆಲಸದವಳು, ಸ್ಟೂಲಿನ ಮೇಲೆ ಕೂತರೆ ಮೈಗಳ್ಳಿ, ನೆಲದ ಮೇಲೆ ಕೂತರೆ ಅಲ್ಲಿ ಇಲ್ಲವೇ ಇಲ್ಲ.

ಇಲ್ಲೇ ಇದ್ದೇನೆ ಎಂದೆ. ಅವನಿಗೆ ಮಾತು ಕೇಳಿದರೂ ಸಮಾಧಾನವಿಲ್ಲ. ಗಿರಾಕಿಗೆ ಧ್ವನಿ ಹೋಗುವುದಿಲ್ಲ, ಚಿತ್ರ ಅಷ್ಟೇ ಹೋಗುವುದು, ಅವರಿಗೆ ಖಾಲಿ ಕೋಣೆ ಕಾಣುತ್ತದೆ ಎಂದ. ಎರಡು ದಿನ ಇದೇ ಆಯಿತು. ಮೂರನೆಯ ದಿನ ಅವನಿಗೊಂದು ಉಪಾಯ ಹೊಳೆಯಿತು.

"ಅವ್ವಾರ, ಕೆಳಗ ಕುಂತರೂ ಅಡ್ಡಿಯಿಲ್ಲ. ನಾ ಕರದಾಗ ಕೈ ಎತ್ರಿ. ಮೇಜಿನ ಮ್ಯಾಲ ಕೈ ಕಂಡ್ರ ಸಾಕು."

"ನಾ ಸಾಲಿ ಹುಡಿಗಿ ಅಲ್ಲಪಾ. ಸಾಲ್ಯಾಗ ಇದ್ದಾಗೂ ಎತ್ತಿಲ್ಲ."

ಜೋಯಿಡಾದವಳು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು. ಅವನಿಗೂ ನಗು ಬಂದಿರಬೇಕು, ತಡೆದುಕೊಂಡ. ಆಮೇಲೆ ಗಂಭೀರನಾಗಿ, ತನಗೂ ಮೇಲಿನವರಿದ್ದಾರೆ, ತನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ ಎಂದ. ನಾನು ಅವನನ್ನು ಸಿಕ್ಕಿಸಿರಲಿಲ್ಲ. ಸ್ಟೂಲು ಕೊಟ್ಟರೆ ಎಲ್ಲವೂ ಬಿಡುತ್ತದೆ ಎಂದೆ.

ಆಮೇಲೆ ಬಂತು ಚೀಟಿಯ ಮಾತು. ಮಾಲಕನ ಕಡೆಯಿಂದಲೇ ಬಂದದ್ದು. ದವಾಖಾನೆಗೆ ಹೋಗಿ, ಮೊಣಕಾಲು ಸರಿಯಿಲ್ಲ, ಬಹಳ ಹೊತ್ತು ನಿಲ್ಲಲಾಗದು ಎಂದು ಡಾಕ್ಟರ ಚೀಟಿ ತಂದರೆ ನನಗೊಬ್ಬಳಿಗೆ ಕೂಡಲು ಪರವಾನಗಿ. ಪುಣೆಯವನಿಗೂ ಹಾಗೇ ಹೇಳಬಹುದು, ಪಾಪ, ಹಿರಿಯ ಹೆಂಗಸು, ಕಾಲು ನೋವು, ನಾವು ದಯೆಯಿಂದ ಇಟ್ಟುಕೊಂಡಿದ್ದೇವೆ ಎಂದು.

ಮನೆಯಲ್ಲಿ ಮಗ ಇದನ್ನು ಕೇಳಿ ಒಳ್ಳೆಯದೇ ಆಯಿತಲ್ಲ ಎಂದ. ಅವನು ಹೊಳೆದಂಡೆಯ ರಿಸಾರ್ಟಿನಲ್ಲಿ ಬಂದವರಿಗೆ ದೋಣಿ ಹತ್ತಿಸುವ ಕೆಲಸದವನು. ದಿನಪೂರ್ತಿ ಹಲ್ಲು ಬಿಟ್ಟು ಮಾತಾಡಿ ರೂಢಿಯಾಗಿದೆ. ಒಂದು ಚೀಟಿಗೆ ಏನು ಹೋಗುತ್ತದೆ ಎಂದ.

ಏನು ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅದೇ ಶೆಡ್ಡಿನಲ್ಲಿ ಒಬ್ಬ ಮುದುಕ ರಾತ್ರಿ ಕಾವಲಿಗಿದ್ದ. ಕಣ್ಣು ಮಂಜಾಗಿದೆ ಎಂದು ಚೀಟಿ ತಂದು ಹಗಲು ಪಾಳಿ ಬೇಡಿದ. ತಕರಾರಿಲ್ಲದೆ ಕೊಟ್ಟರು. ದೀಪಾವಳಿ ಮುಗಿದ ಮೇಲೆ, ಕಣ್ಣು ಕಾಣದವನನ್ನು ಕಾವಲಿಗೆ ಹೇಗೆ ಇಡುವುದು ಎಂದು ಬಿಡಿಸಿದರು. ಅವನೇ ತಂದುಕೊಟ್ಟ ಚೀಟಿ, ಅವನೇನು ಮಾತಾಡಬೇಕು. ಕಾಲಿಲ್ಲ ಎಂದು ನಾನು ಬರೆಸಿಕೊಟ್ಟರೆ ನನ್ನ ಗತಿ ಅದೇ. ಇಂದು ಕೂಡಿಸುತ್ತಾರೆ, ನಾಳೆ ಮನೆಗೆ ಕಳಿಸುತ್ತಾರೆ.

ಅದಕ್ಕಿಂತ ದೊಡ್ಡ ಮಾತು ಬೇರೆ ಇತ್ತು. ನನ್ನ ಮೊಣಕಾಲು ಗಟ್ಟಿಯಾಗಿದ್ದವು. ಈಗಲೂ ಇವೆ. ನಾನು ಕಾಲುನೋವಿಗೆ ಸ್ಟೂಲು ಕೇಳಿರಲಿಲ್ಲ. ಸುಮ್ಮನೆ ಕಾಯುವ ಮನುಷ್ಯ ಕೂಡುತ್ತಾನೆ. ಬಸ್ ಸ್ಟ್ಯಾಂಡಿನಲ್ಲಿ ಕೂಡುತ್ತಾನೆ, ಕಚೇರಿಯಲ್ಲಿ ಕೂಡುತ್ತಾನೆ, ಸತ್ತವರ ಮನೆಯಲ್ಲಿ ಹೆಣ ಎತ್ತುವ ತನಕ ಕೂಡುತ್ತಾನೆ. ಅದಕ್ಕೆ ರೋಗ ಯಾಕೆ ಬೇಕು?

ಪೆಟ್ಟಿಗೆಗೆ ಹಾಗೇ ಹೇಳಿದೆ.

"ನನ್ನ ಕಾಲಿಗೆ ಏನೂ ಆಗಿಲ್ಲ. ಚೀಟಿ ಗೀಟಿ ತರಂಗಿಲ್ಲ. ಕೆಲಸಕ್ಕ ನಿಲ್ತೇನಿ, ಕಾಯೂದಕ್ಕ ನಿಲ್ಲಂಗಿಲ್ಲ."

"ಅವ್ವಾರ, ನಿಮ್ಮ ಛಲೋಕ್ಕ ಹೇಳಾಕತ್ತೇನಿ."

"ನನ್ನ ಛಲೋ ನನಗ ಗೊತ್ತೈತಿ. ಸ್ಟೂಲ್ ತಗಸ್ರಿ."

ಅವನು ತೆಗೆಸಲಿಲ್ಲ. ಆ ವಾರ ಪುಣೆಯವನ ರಟ್ಟು ಮತ್ತೆ ಬಂತು. ಅವನು ನೋಡಲು ಕೂಡುವ ದಿನ ಬೆಳಿಗ್ಗೆ ನಾನು ಜೋಯಿಡಾದವಳಿಗೆ ಮೊದಲೇ ಹೇಳಿದೆ, ಇವತ್ತು ನಾನು ಪಟ್ಟಿ ಇಡುವುದಿಲ್ಲ, ನಿನಗೆ ಇಡಬೇಕೆನಿಸಿದರೆ ಇಡು, ನಾನು ನಿನ್ನ ಮೇಲೆ ಸಿಟ್ಟಾಗುವುದಿಲ್ಲ ಎಂದು. ಅವಳು ಬ್ಲೇಡು ಒರೆಸುತ್ತಿದ್ದಳು.

ಪೆಟ್ಟಿಗೆಯಿಂದ ಕರೆ ಬಂತು. ಗಿರಾಕಿ ಅತ್ತ ಫೋನಿನಲ್ಲಿದ್ದಾಗ ಅವನು ನನ್ನನ್ನು ಅವ್ವಾರ ಎನ್ನುತ್ತಿರಲಿಲ್ಲ, ಅಟೆಂಡರ್ ಎನ್ನುತ್ತಿದ್ದ. ಅಟೆಂಡರ್, ಮೊದಲನೇ ಪಟ್ಟಿ ಎಂದ. ನಾನು ಯಂತ್ರದ ಮುಂದೆಯೇ ನಿಂತಿದ್ದೆ, ಕ್ಯಾಮೆರಾಕ್ಕೆ ಪೂರ್ತಿ ಕಾಣುವಂತೆ. ಕೈ ಕಟ್ಟಿಕೊಂಡೆ. ಸ್ಟೂಲು ಬರಲಿ, ಆಮೇಲೆ ಪಟ್ಟಿ ಎಂದೆ. ಅವನು ದನಿ ತಗ್ಗಿಸಿ, ಈಗ ಬೇಡ, ಆಮೇಲೆ ಮಾತಾಡೋಣ ಎಂದ. ಆಮೇಲೆಯೇ ಇಡುತ್ತೇನೆ ಎಂದೆ.

ಅವನಿಗೆ ತಲೆ ಕೆಟ್ಟಿರಬೇಕು. ಒತ್ತಿಬಿಟ್ಟ. ದವಡೆಗಳು ಖಾಲಿ ಗಾಳಿಯನ್ನು ಕಚ್ಚಿದವು. ಮೇಲಿನದು ಮೆಲ್ಲಗೆ ಸರಿಯುತ್ತ ಮೇಲಕ್ಕೆ ಹೋಯಿತು, ಹೋಗಿ ತುದಿಗೆ ನಿಂತಿತು, ಕೆಳಗಿಳಿಯಿತು. ಯಂತ್ರದ ಬಗಲಿಗಿದ್ದ ಪರದೆಯ ಮೇಲೆ ಗೆರೆ ಮೇಲೆ ಏಳಲೇ ಇಲ್ಲ, ಮಲಗಿದಲ್ಲೇ ಮಲಗಿತ್ತು. ಮತ್ತೊಮ್ಮೆ ಒತ್ತಿದ. ಮತ್ತೆ ಅದೇ. ಹುಬ್ಬಳ್ಳಿಯಲ್ಲಿ ಕೂತು ದವಡೆ ಮುಚ್ಚಿಸಬಹುದು, ತೆರೆಸಬಹುದು, ಮೇಲೆ ಕೆಳಗೆ ಆಡಿಸಬಹುದು. ಬಾಯಿಗೆ ಕಾಗದ ಇಡಲು ಇಲ್ಲಿ ಒಂದು ಕೈ ಬೇಕು. ಅದನ್ನು ಅವನು ಮರೆತಿದ್ದನೋ, ನಾವೇ ಇಷ್ಟು ದಿನ ಮರೆತಿದ್ದೆವೋ.

ಆಗ ಅವನು ಜೋಯಿಡಾದವಳನ್ನು ಕರೆದ. ನೀವು ಇಡಿ ಎಂದ. ಅವಳು ಬ್ಲೇಡು ಬಿಟ್ಟು ಬಂದು ನನ್ನ ಬಗಲಿಗೆ ನಿಂತಳು.

"ಇಡ್ತೇನಿ. ನನಗೂ ಕೂಡಾಕ ಬೇಕು."

"ನಿಮಗ್ಯಾಕ? ನೀವಿನ್ನೂ ವಯಸ್ಸಿನವ್ರು."

"ವಯಸ್ಸಿನವ್ರಿಗೆ ಕುಂಡಿ ಇರಂಗಿಲ್ಲೇನ್ರಿ?"

ಅವಳಿಗೆ ನಮ್ಮ ಕಡೆಯ ಮಾತು ಯಾವುದು ಎಲ್ಲಿ ಆಡಬೇಕು ಎಂಬುದು ಪೂರ್ತಿ ತಿಳಿದಿರಲಿಲ್ಲವೋ, ಚೆನ್ನಾಗಿ ತಿಳಿದಿತ್ತೋ, ನಾನು ಇವತ್ತಿನವರೆಗೂ ಕೇಳಿಲ್ಲ. ಅವಳು ಹೋಗಿ ತನ್ನ ಹಲಗೆಯ ಮುಂದೆ ನಿಂತಳು, ಕತ್ತರಿಸಲಿಲ್ಲ. ಪುಣೆಯವನಿಗೆ ಹೋಗುವ ಚಿತ್ರ ನಿಲ್ಲಿಸಿ, ನೆಟ್ ಹೋಗಿದೆ ಎಂದು ಹೇಳಿದರಂತೆ. ಆ ಹೊತ್ತಿಗೆ ನೆಟ್ ಗಟ್ಟಿಯಾಗಿತ್ತು.

ಮಾಲಕ ಮಧ್ಯಾಹ್ನ ಕಾರಿನಲ್ಲಿ ಬಂದ. ಅಷ್ಟು ಹೊತ್ತಿಗೆ ನಿಜವಾಗಿಯೇ ನೆಟ್ ಹೋಗಿತ್ತು. ಗಟ್ಟಿ ಮೈಯ ಮನುಷ್ಯ, ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ದೊಡ್ಡ ವಾಚು. ಒಳಗೆ ಬಂದವನು ಕೂಡಲು ಸುತ್ತಲೂ ನೋಡಿದ. ಮುಂಡಗೋಡದವನ ಕುರ್ಚಿಯನ್ನು ಹುಬ್ಬಳ್ಳಿಗೇ ಒಯ್ದಿದ್ದರು. ಸ್ಟೂಲು ಬೀಗದೊಳಗೆ. ಬೀಗದ ಕೈ ಈಗಿನ ಹಗಲು ಕಾವಲುಗಾರನ ಹತ್ತಿರ, ಕಾವಲುಗಾರ ಊಟಕ್ಕೆ ಹೋಗಿದ್ದ. ಮಾಲಕ ನಿಂತೇ ಶುರು ಮಾಡಿದ. ಇಷ್ಟು ವರ್ಷ ಇಟ್ಟುಕೊಂಡದ್ದಕ್ಕೆ ಇದೇನಾ, ಗಿರಾಕಿ ಕೈಬಿಟ್ಟರೆ ಈ ಶೆಡ್ಡೇ ಇರುವುದಿಲ್ಲ, ಕೆಲಸ ಬೇಕೋ ಬೇಡವೋ ಇವತ್ತೇ ಹೇಳಬೇಕು. ನಿಂತು ಮಾತಾಡಿ ಅವನಿಗೆ ಏದುಸಿರು ಬರುತ್ತಿತ್ತು.

ನಮ್ಮ ಕಡೆ ಬಂದವರನ್ನು ನಿಲ್ಲಿಸಿ ಮಾತಾಡುವುದಿಲ್ಲ. ಜಗಳಕ್ಕೆ ಬಂದವರಿಗೂ ಮೊದಲು ಕೂಡ್ರಿ ಎನ್ನುತ್ತೇವೆ, ಆಮೇಲೆ ಬೈಯುತ್ತೇವೆ. ಅವನ ಮೇಲೆ ನನಗೆ ಮರುಕ ಏನೂ ಇರಲಿಲ್ಲ. ಆದರೂ ಎದುರಿಗೆ ಒಬ್ಬ ಮನುಷ್ಯ ನಿಂತೇ ಇದ್ದರೆ ನನಗೆ ನೆಟ್ಟಗೆ ಬೈಯಲು ಬರುವುದಿಲ್ಲ. ನನ್ನ ರದ್ದಿ ರಟ್ಟನ್ನು ಝಾಡಿಸಿ ಮೇಜಿನ ಬುಡಕ್ಕೆ ಹಾಸಿದೆ, ಇನ್ನೊಂದನ್ನು ನನಗೆ ಹಾಕಿಕೊಂಡೆ.

"ಕೂಡ್ರಿ. ಕುಂತ ಮಾತಾಡೂಣು."

ಅವನು ಒಂದು ಗಳಿಗೆ ನನ್ನನ್ನು ನೋಡಿದ, ರಟ್ಟನ್ನು ನೋಡಿದ. ಬೆಳಗಾವಿ ಕಡೆಯವನು ತಾನೇ, ಅವನ ಮನೆಯಲ್ಲೂ ಇದೇ ರೂಢಿ ಇರಬೇಕು. ಕೂಡ್ರಿ ಎಂದ ಮೇಲೆ ನಿಲ್ಲುವುದು ಅವನಿಗೂ ಆಗಲಿಲ್ಲ. ಪ್ಯಾಂಟು ಎಳೆದುಕೊಂಡು, ಮೇಜು ಹಿಡಿದು, ಉಸ್ ಎನ್ನುತ್ತ ಕೂತ. ಜೋಯಿಡಾದವಳು ನೀರು ತಂದುಕೊಟ್ಟು ಅವಳೂ ಗೋಡೆಗೆ ಆತು ಕೂತಳು.

ನಾನು ಹೇಳಬೇಕಾದ್ದನ್ನು ಹೇಳುವಷ್ಟರಲ್ಲಿ ನೆಟ್ ಬಂತು. ಪೆಟ್ಟಿಗೆ ಮಾತಾಡಿತು.

"ಯಾರೂ ಕಾಣವಲ್ರಲ್ಲ. ಮತ್ತ ಕೆಳಗ ಕುಂತೀರೇನ? ಏಳ್ರಿ ಮ್ಯಾಲ. ಮಾಲಕ್ರು ಬರೂ ಹೊತ್ತಾತು, ಹಿಂಗ ಕುಂತದ್ದ ನೋಡಿದ್ರ ನನ್ನ ಕುತ್ತಿಗಿಗೆ ಬರ್ತೈತಿ."

ಮಾಲಕ ಬಾಯಿ ತೆರೆಯಲಿಲ್ಲ. ನಾವು ಯಾಕೆ ತೆರೆಯಬೇಕು.

"ಯಾರ ಅದೀರಿ ಅಲ್ಲಿ? ಕೈಯರ ಎತ್ರಿ, ಕಾಣ್ಲಿ."

ಮಾಲಕ ನನ್ನ ಮುಖ ನೋಡಿದ. ಅವನು ಕೈ ಎತ್ತಿದ. ಮೇಜಿನ ಮೇಲೆ ಆ ದೊಡ್ಡ ವಾಚು ಕಂಡಿರಬೇಕು. ಪೆಟ್ಟಿಗೆಯಲ್ಲಿ ಉಸಿರಿನ ಸಪ್ಪಳವೂ ನಿಂತಿತು. ಜೋಯಿಡಾದವಳು ಎದ್ದು ಹೊರಗೆ ಓಡಿದಳು, ಅವಳ ನಗು ಶೆಡ್ಡಿನ ತಗಡಿಗೆ ಬಡಿದು ನಮಗೆ ಕೇಳಿಸಿತು.

ಮಾಲಕ ನಗಲಿಲ್ಲ. ಮನಸ್ಸು ಕರಗಿತು ಎಂದೂ ನಾನು ಹೇಳುವುದಿಲ್ಲ, ಅಂಥದ್ದೇನೂ ಆಗಲಿಲ್ಲ. ಎದ್ದು ಪ್ಯಾಂಟು ಕೊಡವಿಕೊಂಡು, ವ್ಯಾಪಾರದವನಲ್ಲವೇ, ಒಂದು ಒಪ್ಪಂದ ತೆಗೆದ. ಸ್ಟೂಲು ಕೊಡಿಸುತ್ತೇನೆ, ಯಂತ್ರದ ಹಿಂದೆ ಗೋಡೆಯ ಮರೆಗೆ ಹಾಕಿಕೊಳ್ಳಿ, ಕ್ಯಾಮೆರಾಕ್ಕೆ ಕಾಣುವುದಿಲ್ಲ, ಗಿರಾಕಿಗೂ ಕಾಣುವುದಿಲ್ಲ, ಪಟ್ಟಿ ಇಡುವಾಗ ಮುಂದೆ ಬನ್ನಿ ಎಂದ. ಕೇಳಲು ಸರಿಯಾಗಿಯೇ ಇತ್ತು. ಬೇರೆ ಯಾರಾದರೂ ಹೂಂ ಎನ್ನುತ್ತಿದ್ದರು.

"ಮರಿಗೆ ಕೂಡಾಕ ನಾ ಏನ್ ಕಳುವು ಮಾಡೇನ್ರಿ? ಕುಂತರ ಕಾಣೂ ಹಂಗ ಕೂಡ್ತೇನಿ."

"ಅವರಿಗೆ ಹಿಡಸಂಗಿಲ್ಲ ಅಂತ ಹೇಳಾಕತ್ತೇನಲ್ಲ."

"ನನಗ ನಿಲ್ಲೂದು ಹಿಡಸಂಗಿಲ್ಲ. ನನ್ನ ಮಾತ ಯಾರೂ ಕೇಳಿಲ್ಲ."

ಅವನು ಬಾಗಿಲ ಕಡೆ ತಿರುಗಿದ. ಮರೆಗೆ ಕೂಡುವುದಾದರೆ ನಾಳೆ ಬನ್ನಿ, ಇಲ್ಲವಾದರೆ ಬರಬೇಡಿ ಎಂದ. ಕಾವಲುಗಾರ ಊಟ ಮುಗಿಸಿ ಬಂದಿದ್ದ, ಅವನ ಕೈಯಿಂದ ಸ್ಟೋರಿನ ಬೀಗದ ಕೈ ಇಸಿದುಕೊಂಡು ಕಿಸೆಗೆ ಹಾಕಿಕೊಂಡು ಹೋದ.

ಸಂಜೆ ಮಗ ಕೇಳಿದ, ಏನಾಯಿತು ಎಂದು. ಹೇಳಿದೆ. ಅವನು ತಲೆ ಹಿಡಿದುಕೊಂಡು, ಒಂದು ಸ್ಟೂಲಿಗೋಸ್ಕರ ಕೆಲಸ ಕಳಕೊಳ್ಳುವವರು ಲೋಕದಲ್ಲಿ ಯಾರಾದರೂ ಇದ್ದಾರಾ ಎಂದ. ಸೊಸೆ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತದೆ, ಅತ್ತೆಯವರು ಮನೆಯಲ್ಲಿದ್ದರೆ ನನಗೂ ಕೂಡಲು ಬಿಡುವುದಿಲ್ಲ, ಕೆಲಸಕ್ಕೇ ಹೋಗಲಿ ಎಂದಳು. ನನಗೆ ಆ ಕೆಲಸ ಬೇಕಿತ್ತು. ಬೇಡವಾದದ್ದಕ್ಕೆ ಯಾರೂ ಇಷ್ಟು ಜಗಳ ತೆಗೆಯುವುದಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಬಸ್ಸಿಗೆ ಹೋದೆ. ಕಂಡಕ್ಟರ ಕುರ್ಚಿಗೂ ಟಿಕೇಟು ತೆಗೆಸಬೇಕಾಗುತ್ತದೆ ಎಂದ. ನಿನ್ನ ಸೀಟು ನನಗೆ ಬೇಡ, ನನ್ನ ಸೀಟು ನಾನೇ ತಂದಿದ್ದೇನೆ ಎಂದು ನಡುದಾರಿಯಲ್ಲಿ ಕುರ್ಚಿ ಹಾಕಿ ಅದರಲ್ಲೇ ಕೂತು ಹೋದೆ. ಶೆಡ್ಡಿನ ಕಾವಲುಗಾರ ನನ್ನನ್ನು ನೋಡಿ ತಡೆಯಬೇಕೋ ಬೇಡವೋ ತಿಳಿಯದೆ ಗೇಟಿನ ಮೇಲೆ ಕೈ ಇಟ್ಟುಕೊಂಡು ನಿಂತ. ಅವನು ನಿರ್ಧಾರ ಮಾಡುವಷ್ಟರಲ್ಲಿ ನಾನು ಒಳ ಹೋಗಿದ್ದೆ.

ಜೋಯಿಡಾದವಳು ಬಂದು ಪಟ್ಟಿಗಳನ್ನು ಕತ್ತರಿಸಿಟ್ಟಿದ್ದಳು. ಕುರ್ಚಿಯನ್ನು ಕಂಡು ಹುಬ್ಬು ಹಾರಿಸಿದಳು. ಎಲ್ಲಿ ಹಾಕಿದರೆ ಕ್ಯಾಮೆರಾಕ್ಕೆ ಕಾಣುತ್ತದೆ ಎಂದು ಇಬ್ಬರೂ ಗೋಡೆಯ ಕಡೆ ನೋಡಿ ನೋಡಿ ಹಾಕಿದೆವು. ಸ್ವೆಟರು ಹಾಕಿಕೊಂಡೆ. ಪರದೆ ಬೆಳಗಿತು, ಪೆಟ್ಟಿಗೆಯಲ್ಲಿ ಹುಬ್ಬಳ್ಳಿಯ ರಸ್ತೆಯ ಹಾರ್ನು ಕೇಳಿಸಿತು. ಮುಂಡಗೋಡದವನು ಅಲ್ಲಿದ್ದ, ನೋಡುತ್ತಿದ್ದ. ನಾನು ಒಂದು ಪಟ್ಟಿ ಎತ್ತಿ ದವಡೆಗಳ ನಡುವೆ ನೆಟ್ಟಗೆ ಇಟ್ಟು, ಕೈ ಹಿಂದೆ ತೆಗೆದು, ಕುರ್ಚಿಯಲ್ಲಿ ಕೂತೆ. ಹೂಂ ಎಂದೆ.

ಏನೂ ಆಗಲಿಲ್ಲ. ಅವನು ಯಾರನ್ನೋ ಕೇಳುತ್ತಿದ್ದಾನೆ ಎನಿಸಿತು. ಪೆಟ್ಟಿಗೆಯಲ್ಲಿ ಇನ್ನೊಂದು ದನಿ ಸಣ್ಣಗೆ ಬಂದು ಹೋಯಿತು, ಮಾಲಕನದೋ ಬೇರೆಯವರದೋ ತಿಳಿಯಲಿಲ್ಲ. ಜೋಯಿಡಾದವಳು ಬ್ಲೇಡು ಹಿಡಿದ ಕೈಯನ್ನು ಹಾಗೇ ಮೇಲೆ ಹಿಡಿದು ನಿಂತಿದ್ದಳು. ನಾನು ಕಾಲ ಮೇಲೆ ಕಾಲು ಹಾಕಿಕೊಂಡೆ.

ದವಡೆ ಕಚ್ಚಿತು. ಮೇಲಿನದು ಮೆಲ್ಲಗೆ ಸರಿಯಿತು, ಕಾಗದ ಬಿಗಿಯಿತು, ಹರಿಯಿತು. ನಾನು ಎದ್ದು, ಹರಿದದ್ದನ್ನು ತೆಗೆದು ಬುಟ್ಟಿಗೆ ಹಾಕಿ, ಇನ್ನೊಂದು ಪಟ್ಟಿ ಇಟ್ಟು ಕೂತೆ.